ತೋಜಿಜಿ ಮಠದಲ್ಲಿ ಒಂದು ಓದು: ಅಶಿಕಾಗಾ ಮನೆತನದ ಕತ್ತರಿಗೆ ಪೂರ್ತಿ ಸಿಗದ ಕಥೆ

ಹದಿನಾಲ್ಕನೇ ಶತಮಾನದ ನಡುವಿನ ಮಾತು. ಜಪಾನಿನ ರಾಜಧಾನಿ ಕ್ಯೋಟೋದ ತೋಜಿಜಿ ಎಂಬ ಬೌದ್ಧ ಮಠಕ್ಕೆ ಹೊಶ್ಶೋಜಿ ಎಂಬ ಇನ್ನೊಂದು ಮಠದ ಭಿಕ್ಷು ಎಚಿನ್ ಮೂವತ್ತಕ್ಕೂ ಹೆಚ್ಚು ಸುರುಳಿಗಳನ್ನು ತಂದ. ಮಠ ಅಶಿಕಾಗಾ ಮನೆತನದ್ದು. ಸುರುಳಿಗಳಲ್ಲಿದ್ದದ್ದೂ ಅದೇ ಮನೆತನ ಅಧಿಕಾರ ಹಿಡಿದ ಯುದ್ಧಗಳ ಕಥೆ, ಮುಂದೆ ‘ತೈಹೇಕಿ’ ಎಂದು ಹೆಸರಾದ ಗ್ರಂಥದ ಹಳೆಯ ರೂಪ. ಆ ಹೆಸರಿಗೆ ‘ಮಹಾಶಾಂತಿಯ ದಾಖಲೆ’ ಎಂದರ್ಥ. ಒಳಗೆ ಶಾಂತಿಯನ್ನು ದೀಪ ಹಚ್ಚಿ ಹುಡುಕಬೇಕು. ಶೋಗನ್, ಅಂದರೆ ಸೇನೆಯ ಬಲದಿಂದ ದೇಶ ಆಳುವ ಪದವಿಯಲ್ಲಿದ್ದ ತಕಾಉಜಿಯ ತಮ್ಮ ತದಾಯೋಶಿ ಆಗ ಆಡಳಿತ ನೋಡಿಕೊಳ್ಳುತ್ತಿದ್ದವನು. ಗೆನ್‌ಎ ಎಂಬ ಪಂಡಿತನಿಂದ ಓದಿಸಿ ಕೇಳಿದ. ಕೇಳಿದಷ್ಟರಲ್ಲೇ ತಪ್ಪುಗಳು ವಿಪರೀತ ಕಂಡವು. ಸೇರಿಸಬೇಕಾದ್ದೂ ಇದೆ, ಕತ್ತರಿಸಬೇಕಾದ್ದೂ ಇದೆ, ಅದೆಲ್ಲ ಆಗುವವರೆಗೆ ಇದು ಹೊರಗೆ ಹೋಗಕೂಡದು ಎಂದು ಅಪ್ಪಣೆಯಾಯಿತು.

ತದಾಯೋಶಿ 1349ರಲ್ಲಿ ಅಧಿಕಾರ ಕಳೆದುಕೊಂಡ, ಗೆನ್‌ಎ 1350ರಲ್ಲಿ ತೀರಿಕೊಂಡ. ಹಾಗಾಗಿ ಈ ಓದು ಅದಕ್ಕೂ ಮುಂಚಿನದು. ಇದನ್ನು ನಮಗೆ ತಿಳಿಸುವವನು ಇಮಗಾವಾ ರ್ಯೋಶುನ್, ಅಶಿಕಾಗಾ ಮನೆತನದ್ದೇ ಒಂದು ಕವಲಿನ ಸೇನಾನಿ, ಕವಿ. 1402ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ, ತನ್ನ ಮಕ್ಕಳುಮರಿಗಾಗಿ ಬರೆದಿಟ್ಟ ಪುಸ್ತಕದಲ್ಲಿ ಈ ಪ್ರಸಂಗ ಬರುತ್ತದೆ. ಆ ಪುಸ್ತಕಕ್ಕೆ ‘ನಾನ್-ತೈಹೇಕಿ’, ಅಂದರೆ ತೈಹೇಕಿಯ ತಪ್ಪೆತ್ತುವುದು, ಎಂಬ ಹೆಸರು ಕೊಟ್ಟವರು ನಂತರದವರು.

ಯುದ್ಧ ಗೆದ್ದು, ರಾಜಧಾನಿ ಹಿಡಿದು, ಚಕ್ರವರ್ತಿಯಿಂದ ಶೋಗನ್ ಪದವಿ ಪಡೆದ ಮನೆತನವೊಂದು ಭಿಕ್ಷುವೊಬ್ಬನ ಸುರುಳಿಗೆ ಇಷ್ಟು ತಲೆ ಕೆಡಿಸಿಕೊಂಡದ್ದು ಏಕೆ, ಕೊನೆಗೆ ಅದನ್ನು ಎಷ್ಟರಮಟ್ಟಿಗೆ ತಿದ್ದಲು ಸಾಧ್ಯವಾಯಿತು ಎಂಬುದೇ ಈ ಪ್ರಕರಣ.

ಮನೆತನಕ್ಕಿದ್ದ ಇಕ್ಕಟ್ಟು

ಅಶಿಕಾಗಾ ತಕಾಉಜಿ (1305–1358) ಎರಡು ಸಲ ಒಡೆಯರಿಗೆ ತಿರುಗಿಬಿದ್ದವನು. 1333ರಲ್ಲಿ ಪೂರ್ವದ ಕಾಮಾಕುರಾದಲ್ಲಿದ್ದ ಯೋಧರ ಸರಕಾರವನ್ನು ನಡೆಸುತ್ತಿದ್ದ ಹೋಜೋ ಮನೆತನ, ಚಕ್ರವರ್ತಿ ಗೊ-ದೈಗೊನ ಪಕ್ಷದವರನ್ನು ಬಗ್ಗುಬಡಿಯಲು ಅವನನ್ನು ಕಳಿಸಿತು. ಅವನು ದಾರಿಯಲ್ಲೇ ಪಕ್ಷ ಬದಲಿಸಿ ಕ್ಯೋಟೋದ ರೊಕುಹಾರಾದಲ್ಲಿದ್ದ ಹೋಜೋ ಠಾಣೆಯನ್ನೇ ಮುರಿದ. ಹೋಜೋಗಳು ಬರೀ ಒಡೆಯರಲ್ಲ, ಬೀಗರು ಕೂಡ. ಅವನ ಹೆಂಡತಿಯ ಅಣ್ಣ ಅಕಾಹಾಶಿ ಮೊರಿತೊಕಿ ಆಗ ‘ಶಿಕ್ಕೆನ್’, ಅಂದರೆ ಶೋಗನ್ನನ ಪರವಾಗಿ ರಾಜ್ಯಭಾರ ನಡೆಸುವ ಪದವಿಯಲ್ಲಿದ್ದ. ಆ ಯುದ್ಧದಲ್ಲೇ ಸತ್ತ. ಹೆಸರಿನಲ್ಲೂ ಈ ಕಥೆ ಅಡಗಿದೆ. ‘ತಕಾಉಜಿ’ಯ ‘ತಕಾ’ ಮೊದಲು ಹೋಜೋ ತಕಾತೊಕಿ ಕೊಟ್ಟ ಅಕ್ಷರ. 1333ರ ನಂತರ ಗೊ-ದೈಗೊ ತನ್ನ ಸ್ವಂತ ಹೆಸರಿನಿಂದ ಇನ್ನೊಂದು ಅಕ್ಷರ ಕೊಟ್ಟ. ಉಚ್ಚಾರ ಅದೇ, ಬರೆಯುವ ರೂಪ ಬೇರೆ. ಕಿವಿಗೆ ಏನೂ ಬದಲಾಗದೆ ಒಡೆಯ ಬದಲಾದ.

ಎರಡೇ ವರ್ಷಕ್ಕೆ ಆ ಒಡೆಯನ ಜತೆಗೂ ಕೆಟ್ಟಿತು. 1335ರಲ್ಲಿ ಹೋಜೋ ಪಕ್ಷದ ದಂಗೆ ಅಡಗಿಸಲು ಪೂರ್ವಕ್ಕೆ ಹೋದವನು ಕರೆದರೂ ಬರಲಿಲ್ಲ. 1336ರ ಆರಂಭದಲ್ಲಿ ಸೋತು ಕ್ಯೂಶೂಗೆ ಓಡಿ, ಅಲ್ಲಿಂದ ಸೈನ್ಯ ಕಟ್ಟಿಕೊಂಡು ಮರಳಿ, ಮಿನಾತೊಗಾವಾದಲ್ಲಿ ಗೊ-ದೈಗೊನ ಸೇನಾನಿ ಕುಸುನೊಕಿ ಮಸಾಶಿಗೆಯನ್ನು ಸೋಲಿಸಿ ಕ್ಯೋಟೋ ಹಿಡಿದ. ರಾಜವಂಶದ ಇನ್ನೊಂದು ಶಾಖೆಯವನನ್ನು ಸಿಂಹಾಸನದಲ್ಲಿ ಕೂರಿಸಿದ. ಗೊ-ದೈಗೊ ಯೋಶಿನೊ ಬೆಟ್ಟಗಳಿಗೆ ತಪ್ಪಿಸಿಕೊಂಡು ಹೋಗಿ ನಾನೇ ನಿಜವಾದ ಚಕ್ರವರ್ತಿ ಎಂದ. 1338ರಲ್ಲಿ ತಕಾಉಜಿ ಶೋಗನ್ ಆದನೇನೋ ಸರಿ, ಆದರೆ ದೇಶಕ್ಕೆ 1392ರವರೆಗೆ ಎರಡು ಆಸ್ಥಾನ. ಸಾಲದ್ದಕ್ಕೆ 1350–52ರಲ್ಲಿ ಅಣ್ಣತಮ್ಮಂದಿರ ನಡುವೆಯೇ ಯುದ್ಧ. ಮೊದಲು ತಮ್ಮ, ನಂತರ ಅಣ್ಣ, ಇಬ್ಬರೂ ತಮಗೆ ಬೇಕಾದಾಗ ಯೋಶಿನೊದ ದಕ್ಷಿಣದ ಆಸ್ಥಾನಕ್ಕೆ ತಲೆಬಾಗಿದರು. ತದಾಯೋಶಿ 1352ರಲ್ಲಿ ಕಾಮಾಕುರಾದಲ್ಲಿ ಸತ್ತ. ವಿಷ ಹಾಕಿದರಂತೆ ಎಂಬ ಗುಸುಗುಸುವನ್ನು ತೈಹೇಕಿ ದಾಖಲಿಸುತ್ತದೆ.

ಇಂಥ ಮನೆತನಕ್ಕೆ ಆಳುವ ಹಕ್ಕು ಎಲ್ಲಿಂದ ಬಂತು? ಗೆದ್ದದ್ದರಿಂದ ಎಂದರೆ ನಾಳೆ ಗೆದ್ದವನಿಗೂ ಅದೇ ಹಕ್ಕು. ಚಕ್ರವರ್ತಿ ಕೊಟ್ಟ ಎಂದರೆ ಯಾವ ಚಕ್ರವರ್ತಿ ಎಂಬ ಪ್ರಶ್ನೆ. ಉಳಿದದ್ದು ವಂಶ, ಮತ್ತು ಆ ವಂಶಕ್ಕೆ ಅರ್ಥ ಕೊಡುವ ಕಥೆ.

ಹಳೆಯ ಕಥೆ ಕೊಟ್ಟ ಅಚ್ಚು

ಅಚ್ಚು ಆಗಲೇ ಸಿದ್ಧವಿತ್ತು. 1180–85ರ ಯುದ್ಧದಲ್ಲಿ ಮಿನಮೊತೊ ಕುಲ ತೈರಾ ಕುಲವನ್ನು ಮುಗಿಸಿದ್ದನ್ನು ‘ಹೇಕೆ ಮೊನೊಗತರಿ’ ಹೇಳುತ್ತದೆ. ಬಿವಾ ಎಂಬ ತಂತಿವಾದ್ಯ ನುಡಿಸುತ್ತ ಅಂಧ ಕಥನಕಾರರು ಊರೂರಿಗೆ ಮುಟ್ಟಿಸಿದ ಕಥೆ ಇದು. ಮಿನಮೊತೊ, ತೈರಾ ಎರಡೂ ಸಿಂಹಾಸನವನ್ನು ಕಾಯುವ ಕುಲಗಳು, ಒಂದು ಮೇರೆ ಮೀರಿದರೆ ಇನ್ನೊಂದು ಅದನ್ನು ದಂಡಿಸುತ್ತದೆ ಎಂಬ ಎಣಿಕೆ ಅದರ ಬೆನ್ನೆಲುಬು. ಹೋಜೋಗಳು ತೈರಾ ಮೂಲದವರೆಂದು ಹೇಳಿಕೊಳ್ಳುತ್ತಿದ್ದರು. ಅಶಿಕಾಗಾಗಳು ಮಿನಮೊತೊ ಯೋಶಿಈಯ ಮೊಮ್ಮಗ ಯೋಶಿಯಾಸುವಿನ ಸಂತತಿ. ಹಾಗಾಗಿ 1333ರ ದ್ರೋಹವನ್ನು 1185ರ ಪುನರಾವರ್ತನೆಯಾಗಿ ನೋಡಬಹುದಿತ್ತು: ತೈರಾ ಸೊಕ್ಕಿತು, ಮಿನಮೊತೊ ಎದ್ದಿತು.

ಅಚ್ಚು ಇತ್ತೇ ಹೊರತು ಅದರಲ್ಲಿ ಅಶಿಕಾಗಾಗಳಿಗೆ ಮೀಸಲಾದ ಜಾಗವಿರಲಿಲ್ಲ. ಹಳೆಯ ಕಥೆಯ ನಾಯಕ ಯೊರಿತೊಮೊನ ನೇರ ಸಂತತಿಯ ಶೋಗನ್ ಪರಂಪರೆ 1219ರಲ್ಲಿ ಮಗ ಸನೆತೊಮೊನ ಕೊಲೆಯೊಂದಿಗೇ ನಿಂತುಹೋಯಿತು; ಅಶಿಕಾಗಾ ಪಕ್ಕದ ಕೊಂಬೆ. ಇನ್ನೊಂದು ತಮಾಷೆಯೂ ಇದೆ. ಹೇಕೆ ಕಥೆಯಲ್ಲಿ ಅಶಿಕಾಗಾ ಎಂಬ ಹೆಸರು ಮಿಂಚುವುದು ಉಜಿ ನದಿಯನ್ನು ಕುದುರೆಗಳೊಂದಿಗೆ ದಾಟಿಸುವ ಹದಿನೇಳರ ತದಾತ್ಸುನಾನಿಂದ. ಅವನು ಫುಜಿವಾರಾ ಮೂಲದ ಬೇರೊಂದು ಅಶಿಕಾಗಾ ಮನೆಯವನು, ಹೋರಾಡಿದ್ದೂ ತೈರಾ ಪರವಾಗಿ. ಕಥೆ ಕೇಳಿದ ಸಾಮಾನ್ಯನಿಗೆ ಈ ವ್ಯತ್ಯಾಸ ಎಷ್ಟು ತಿಳಿದಿತ್ತೋ.

ಯೊರಿತೊಮೊ ಬಿಟ್ಟುಹೋದ ಜಾಗವನ್ನು ತುಂಬಲು ಮನೆಯೊಳಗೇ ಒಂದು ಕಥೆ ಬೆಳೆಯಿತು. ಇದೂ ರ್ಯೋಶುನ್ ಹೇಳುವುದೇ. ಯೋಶಿಈ (1106ರಲ್ಲಿ ಸತ್ತವನು) ತನ್ನ ಏಳನೇ ತಲೆಮಾರಿನಲ್ಲಿ ಮತ್ತೆ ಹುಟ್ಟಿ ದೇಶ ಆಳುತ್ತೇನೆಂದು ಬರೆದಿಟ್ಟಿದ್ದನಂತೆ. ಲೆಕ್ಕ ಹಾಕಿ ನೋಡಿ: ಯೋಶಿಕುನಿ, ಯೋಶಿಯಾಸು, ಯೋಶಿಕಾನೆ, ಯೋಶಿಉಜಿ, ಯಾಸುಉಜಿ, ಯೊರಿಉಜಿ, ಏಳನೆಯವನು ಈಎತೊಕಿ. ಅವನಿಗೆ ಕಾಲ ಕೂಡಿಬರಲಿಲ್ಲ. ನನ್ನ ಆಯುಸ್ಸು ತೆಗೆದುಕೊಂಡು ಮೂರು ತಲೆಮಾರಿನೊಳಗೆ ರಾಜ್ಯ ಕೊಡು ಎಂದು ಕುಲದೇವರು ಹಾಚಿಮಾನ್‌ಗೆ ಬೇಡಿ ಹೊಟ್ಟೆ ಸೀಳಿಕೊಂಡ. ಈಎತೊಕಿ, ಸದಾಉಜಿ, ತಕಾಉಜಿ: ಮೂರು. ಆ ಪತ್ರವನ್ನು ತಕಾಉಜಿ-ತದಾಯೋಶಿಯರ ಎದುರಿನಲ್ಲಿ ನಾನೂ ನೋಡಿದ್ದೇನೆ ಎನ್ನುತ್ತಾನೆ ರ್ಯೋಶುನ್. ಈಎತೊಕಿ ಏನೋ ಬರೆದಿಟ್ಟು ಸತ್ತದ್ದು ನಿಜವಿರಬಹುದು. ಯೋಶಿಈಯ ಭವಿಷ್ಯವಾಣಿಯನ್ನು ಮಾತ್ರ ಇತಿಹಾಸಕಾರರು ಸಾಮಾನ್ಯವಾಗಿ ನಂಬುವುದಿಲ್ಲ. ಗೆದ್ದ ಮೇಲೆ ಹಿಂದಕ್ಕೆ ಎಣಿಸಿ ಹೊಂದಿಸಿದ ಗಣಿತದ ವಾಸನೆ ಅದಕ್ಕಿದೆ. ಅದರ ದೊಡ್ಡ ಕೊರತೆ ಬೇರೆ. ಪತ್ರ ಮನೆಯ ಪೆಟ್ಟಿಗೆಯಲ್ಲಿತ್ತು. ಊರಿನ ಬಾಯಲ್ಲಿ ಇದ್ದದ್ದು ತೈಹೇಕಿ.

ತಿರುಗಿಬಿದ್ದದ್ದನ್ನು ಕಥೆ ನಿಭಾಯಿಸಿದ ಬಗೆ

ತೈಹೇಕಿಯ ಒಂಬತ್ತನೇ ಸುರುಳಿಯಲ್ಲಿ 1333ರ ಪಕ್ಷಾಂತರ ಬರುತ್ತದೆ. ಅಲ್ಲಿನ ಕೆಲಸಗಾರಿಕೆಯನ್ನು ಹತ್ತಿರದಿಂದ ನೋಡಬೇಕು.

ಹೋಜೋಗಳು ಯುದ್ಧಕ್ಕೆ ಹೊರಡು ಎಂದಾಗ ತಕಾಉಜಿಗೆ ಕಾಯಿಲೆ. ತಂದೆ ಸತ್ತು ಮೂರು ತಿಂಗಳೂ ಆಗಿಲ್ಲ, ಕಣ್ಣೀರು ಆರಿಲ್ಲ. ಇಂಥ ಹೊತ್ತಿನಲ್ಲಿ ಒತ್ತಾಯ ಮಾಡುವ ಇವರು ಯಾರು? ಹೋಜೋ ತೊಕಿಮಾಸನ ಸಂತತಿ. ನಾನೋ ರಾಜವಂಶದಿಂದ ಕವಲೊಡೆದ ಮಿನಮೊತೊ. ಹೀಗೆ ಅವನು ಒಳಗೊಳಗೇ ಕುದಿಯುತ್ತಾನೆ. ಓದುಗನಿಗೆ ಅವನ ಸಿಟ್ಟು ಸಹಜ ಅನ್ನಿಸುತ್ತದೆ.

ದಿನಾಂಕಗಳನ್ನು ಪಕ್ಕದಲ್ಲಿಟ್ಟರೆ ಸಂಗತಿ ಬೇರೆ. ತಂದೆ ಸದಾಉಜಿ ಸತ್ತದ್ದು 1331ರ ಒಂಬತ್ತನೇ ತಿಂಗಳಲ್ಲಿ. ಸೂತಕದ ಹೊತ್ತಿನಲ್ಲಿ ಯುದ್ಧಕ್ಕೆ ಕಳಿಸಿದ್ದು ನಿಜ. ಆದರೆ ಅದು 1331ರಲ್ಲಿ ಗೊ-ದೈಗೊ ಸೇರಿಕೊಂಡಿದ್ದ ಕಸಾಗಿ ಬೆಟ್ಟದ ಮುತ್ತಿಗೆಗೆ, ಆಗ ಅವನು ಹೋಗಿ ಹೋಜೋ ಪರವಾಗಿಯೇ ನಿಂತಿದ್ದ. ಕಥೆ ಆ ಸೂತಕವನ್ನು ಒಂದೂವರೆ ವರ್ಷ ಮುಂದಕ್ಕೆ ಎಳೆದು ಪಕ್ಷಾಂತರದ ಪಕ್ಕಕ್ಕೆ ತಂದಿಟ್ಟಿದೆ. ಸುಳ್ಳು ಘಟನೆಯನ್ನು ಹುಟ್ಟಿಸುವುದಕ್ಕಿಂತ ನಿಜ ಘಟನೆಯ ಜಾಗ ಬದಲಿಸುವುದು ಹೆಚ್ಚು ನಾಜೂಕಿನ ಕೆಲಸ, ಸಿಕ್ಕಿಬೀಳುವುದೂ ಕಷ್ಟ. ಇಂಥ ಗ್ರಂಥಗಳನ್ನು ಪರೀಕ್ಷಿಸುವವರು ಮೊದಲು ನೋಡಬೇಕಾದ್ದು ಈ ಜಾಗ ಪಲ್ಲಟಗಳನ್ನು.

ಮುಂದೆ ಕ್ಯೋಟೋ ಪಕ್ಕದ ತಾಂಬಾ ಪ್ರಾಂತ್ಯದ ಶಿನೊಮುರಾದಲ್ಲಿ ಹಾಚಿಮಾನ್ ಗುಡಿಯ ಮುಂದೆ ಹರಕೆಪತ್ರ ಓದಿಸಿ ಸೈನ್ಯ ಹೊರಡುತ್ತದೆ. ಕಣಿವೆ ದಾಟುವಾಗ ಜೋಡಿ ಪಾರಿವಾಳ ಬಂದು ಬಿಳಿ ಬಾವುಟಗಳ ಮೇಲೆ ಹಾರಾಡುತ್ತವೆ. ಪಾರಿವಾಳ ಹಾಚಿಮಾನ್‌ನ ದೂತ, ಬಿಳಿ ಬಾವುಟ ಮಿನಮೊತೊ ಗುರುತು. ದ್ರೋಹಕ್ಕೆ ಈಗ ದೇವರ ರುಜುವೂ ಬಿತ್ತು.

ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಗ್ರಂಥದ ಮೇಲೆ ತದಾಯೋಶಿಗೆ ಸಿಟ್ಟೇಕೆ? ರ್ಯೋಶುನ್ ಎತ್ತಿ ತೋರಿಸುವ ಉದಾಹರಣೆ ಒಂದೇ ಪದದ್ದು. ಜತೆಯ ಹೋಜೋ ಸೇನಾನಿ ನಾಗೊಎ ಸತ್ತೊಡನೆ ಅಶಿಕಾಗಾ ಗೊ-ದೈಗೊನಿಗೆ ‘ಶರಣಾದ’ ಎಂದು ತೈಹೇಕಿ ಬರೆದಿತ್ತಂತೆ. ಬರೆದವನು ಆ ಪಕ್ಷಕ್ಕೆ ಗಾಢವಾಗಿ ಅಂಟಿಕೊಂಡವನಿರಬೇಕು, ಇದನ್ನು ಕತ್ತರಿಸಲೇಬೇಕಿತ್ತು ಎಂದು ಅವನು ಕುದಿಯುತ್ತಾನೆ. ಸ್ವಂತ ಇಚ್ಛೆಯಿಂದ ಬಂದು ಸೇರಿದವನು ಮಿತ್ರ, ಬಹುಮಾನಕ್ಕೆ ಅರ್ಹ, ನಾಳೆ ಒಡೆಯ ತಪ್ಪಿದರೆ ದೂರ ಸರಿಯುವ ಸ್ವಾತಂತ್ರ್ಯವೂ ಅವನಿಗುಂಟು. ಶರಣಾದವನು ಪ್ರಾಣಭಿಕ್ಷೆ ಪಡೆದವನು. ಅವನು 1335ರಲ್ಲಿ ಮತ್ತೆ ತಿರುಗಿಬಿದ್ದರೆ ಅದು ಕೃತಘ್ನತೆ. ಒಂದು ಪದದ ಮೇಲೆ ಇಡೀ ಎರಡನೇ ಯುದ್ಧದ ನ್ಯಾಯ ನಿಂತಿತ್ತು. ಇಂದು ಉಳಿದಿರುವ ಪ್ರತಿಗಳಲ್ಲಿ ಆ ಜಾಗದಲ್ಲಿ ಆ ಪದವಿಲ್ಲ. ಯಾರದೋ ಕತ್ತರಿ ಅಲ್ಲಿ ಕೆಲಸ ಮಾಡಿದೆ.

ಹೆಸರು ಸೇರಿಸಿ ಎಂದು ಬಂದವರು

ತದಾಯೋಶಿ ಬಿದ್ದ ಮೇಲೆ ತಿದ್ದುಪಡಿ ಕೆಲಸ ನಿಂತಿತು. ನಂತರ ಮತ್ತೆ ಬರೆದು ಮುಂದುವರಿಸಿದರು. ಆಗ ನಮ್ಮ ಹೆಸರೂ ಸೇರಿಸಿ ಎಂದು ಕೇಳಿ ಬರೆಸಿಕೊಂಡವರು ಬಹಳ ಎನ್ನುತ್ತಾನೆ ರ್ಯೋಶುನ್. ಇದು ಅರ್ಥವಾಗಬೇಕಾದರೆ ಆ ಕಾಲದ ಯೋಧನ ಕಾಗದಪತ್ರ ಹೇಗಿತ್ತೆಂದು ತಿಳಿಯಬೇಕು.

ಯೋಧ ಶಿಬಿರಕ್ಕೆ ಬಂದ ಕೂಡಲೇ ‘ಚಾಕುತೋಜೋ’ ಎಂಬ ಹಾಜರಿಪತ್ರ ಕೊಡುತ್ತಿದ್ದ. ಕಾಳಗ ಮುಗಿದ ಮೇಲೆ ‘ಗುನ್‌ಚೂಜೋ’: ಯಾವ ದಿನ, ಯಾವ ಸ್ಥಳ, ಏನು ಮಾಡಿದೆ, ನನ್ನವರಲ್ಲಿ ಯಾರಿಗೆ ಎಲ್ಲಿ ಗಾಯವಾಯಿತು, ಪಕ್ಕದಲ್ಲಿ ಕಾದಾಡಿದ ಯಾರು ಇದನ್ನು ಕಂಡರು. ಸೇನಾನಿ ಓದಿ, ಅಂಚಿನಲ್ಲಿ ‘ನೋಡಿದೆ’ ಎಂಬರ್ಥದ ಮಾತು ಬರೆದು ತನ್ನ ಅಂಕಿತ ಹಾಕಿ ಹಿಂದಿರುಗಿಸುತ್ತಿದ್ದ. ಜಮೀನು ಬಹುಮಾನಕ್ಕೆ ಅರ್ಜಿ ಹಾಕುವಾಗ ಅದೇ ಆಧಾರ. ಸಾಕ್ಷಿಯ ತೂಕ 1338ರಲ್ಲಿ ಇನ್ನೂ ಹೆಚ್ಚಿತು. ಕಡಿದ ತಲೆಯನ್ನು ಹೊತ್ತು ತಿರುಗುವುದರಿಂದ ಸೈನ್ಯದ ವೇಗ ಕುಗ್ಗುತ್ತದೆಂದು, ಜತೆಗಾರರಿಗೆ ತೋರಿಸಿ ಅಲ್ಲೇ ಬಿಸಾಡಬೇಕೆಂಬ ಕಟ್ಟಳೆಯನ್ನು ಅಶಿಕಾಗಾ ಸೇನಾನಿ ಕೋ ನೊ ಮೊರೊನಾವೊ ತಂದ. ತಲೆ ಹೋಯಿತು, ಮಾತು ಉಳಿಯಿತು.

ಆದರೆ ಗುನ್‌ಚೂಜೋ ಒಂದು ಮನೆಯ ಕಾಗದ. ಜಮೀನು ಸಿಕ್ಕಿದರೆ ಅದರ ಕೆಲಸ ಮುಗಿಯಿತು, ಸಿಗದಿದ್ದರೆ ಪೆಟ್ಟಿಗೆಯಲ್ಲಿ ಹುಳ ಹಿಡಿಯಿತು. ಎರಡು ತಲೆಮಾರು ಕಳೆದ ಮೇಲೆ, ನಿಮ್ಮಜ್ಜ ಯಾವ ಕಡೆ ಇದ್ದ ಎಂಬ ಪ್ರಶ್ನೆಗೆ ಸಭೆಯಲ್ಲಿ ಉತ್ತರ ಕೊಡುತ್ತಿದ್ದದ್ದು ತೈಹೇಕಿ. ಅಲ್ಲಿ ಒಂದು ಸಾಲು ಸಿಕ್ಕರೆ ಶೋಗನ್ ಮನೆಯ ಜತೆಗೆ ತಮ್ಮ ಮನೆಯೂ ಬೆಸೆದುಕೊಂಡಂತೆ. ಆಳುವ ಮನೆತನದ ಹಕ್ಕು ಹೀಗೆ ನೂರಾರು ಸಣ್ಣ ಮನೆತನಗಳ ಹಕ್ಕಿನೊಂದಿಗೆ ಹೆಣೆದುಕೊಂಡಿತು. ಅದನ್ನು ಅಲ್ಲಾಡಿಸಿದರೆ ಎಲ್ಲರ ಜಮೀನೂ ಅಲ್ಲಾಡುತ್ತಿತ್ತು. ನಮ್ಮ ಅಂದಾಜಿನಲ್ಲಿ ಪಾರಿವಾಳಗಳಿಗಿಂತ ಗಟ್ಟಿಯಾದ ಬುನಾದಿ ಇದೇ.

ರ್ಯೋಶುನ್‌ನ ದೂರು ಇಲ್ಲಿಗೇ ಬರುತ್ತದೆ. ದೊಡ್ಡ ಸಾಹಸ ಮಾಡಿದವರು ಸೈನ್ಯದ ಹಾಜರಿಪಟ್ಟಿಯಲ್ಲಿ ಹೆಸರಾಗಿ ಮಾತ್ರ ಉಳಿದಿದ್ದಾರೆ, ಕೆಲವರು ಅಷ್ಟೂ ಇಲ್ಲ. ಅವನಿಗೆ ಇದು ಬರೀ ಪ್ರತಿಷ್ಠೆಯ ವಿಷಯವಲ್ಲ. 1371ರಿಂದ ಕ್ಯೂಶೂವಿನಲ್ಲಿ ಶೋಗನ್ನನ ಪ್ರತಿನಿಧಿಯಾಗಿ ದುಡಿದವನನ್ನು 1395ರಲ್ಲಿ ಕೆಳಗಿಳಿಸಿದರು. 1399ರ ಓಉಚಿ ಯೋಶಿಹಿರೊ ದಂಗೆಯಲ್ಲಿ ಇವನ ಕೈವಾಡವೂ ಇದೆಯೆಂದು ಮೂರನೇ ಶೋಗನ್ ಯೋಶಿಮಿತ್ಸು ಶಂಕಿಸಿದ. ಮನೆತನದ ಹೆಸರು ಅಳಿಸಿಹೋಗುವ ಹೊತ್ತಿನಲ್ಲಿ ಮುದುಕ ಲೇಖನಿ ಹಿಡಿದ. ತೈಹೇಕಿಯಲ್ಲಿ ಹತ್ತಕ್ಕೆ ಎಂಟೊಂಬತ್ತು ಕಟ್ಟುಕಥೆ ಎಂಬ ಅವನ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಮುಂದಿನ ಮಾತನ್ನು ಬಿಡುತ್ತಾರೆ: ಒಟ್ಟು ಸಂಗತಿ ತಪ್ಪಿರಲಾರದು, ಜನರ ಸಾಹಸಗಳಲ್ಲಿ ಸುಳ್ಳು ಹೆಚ್ಚಿರಬೇಕು. ಅಂದರೆ ಕಥೆಯ ಚೌಕಟ್ಟನ್ನು ಅವನೂ ಒಪ್ಪಿದ್ದಾನೆ. ಜಗಳ ಪಟ್ಟಿಯ ಬಗ್ಗೆ.

ಪಟ್ಟಿ ಎಷ್ಟು ಸಡಿಲವಿತ್ತೆಂದು ಪ್ರತಿಗಳನ್ನು ಹೋಲಿಸಿದರೆ ಕಾಣುತ್ತದೆ. ತೆನ್‌ಶೋ ಪ್ರತಿ ಎನ್ನುವ ಪಾಠದಲ್ಲಿ ಅಶಿಕಾಗಾ ಪಕ್ಷದ ಸೇನಾನಿ ಸಸಾಕಿ ದೋಯೊ ಮತ್ತವನ ಕ್ಯೋಗೊಕು ಮನೆಯವರ ಸಂಗತಿ ಉಳಿದವಕ್ಕಿಂತ ಉಬ್ಬಿದೆ. ಆ ಮನೆಯ ಆಸುಪಾಸಿನಲ್ಲೇ ಅದು ಸಿದ್ಧವಾಗಿರಬೇಕೆಂಬುದು ವಿದ್ವಾಂಸರ ಊಹೆ.

ಕತ್ತರಿ ಮುಟ್ಟದ ಭಾಗ

ಒಂದು ಪದ ಕತ್ತರಿಸಬಹುದು. ನಲವತ್ತು ಸುರುಳಿಯ ಮನೋಧರ್ಮವನ್ನು ಕತ್ತರಿಸಲು ಆಗದು. ಹಳೆಯ ಪ್ರತಿಗಳಲ್ಲಿ 22ನೇ ಸುರುಳಿಯೇ ಇಲ್ಲ. ಕಾರಣ ಏನೇ ಇರಲಿ, ಉಳಿದ 39ರಲ್ಲಿ ಮನೆತನಕ್ಕೆ ಇರಿಸುಮುರಿಸಾಗುವುದು ಬೇಕಾದಷ್ಟಿದೆ. 1339ರಲ್ಲಿ ಯೋಶಿನೊದಲ್ಲಿ ಸಾಯುವ ಗೊ-ದೈಗೊ ಒಂದು ಕೈಯಲ್ಲಿ ಸದ್ಧರ್ಮಪುಂಡರೀಕ ಸೂತ್ರ, ಇನ್ನೊಂದರಲ್ಲಿ ಖಡ್ಗ ಹಿಡಿದು, ಮೂಳೆ ಇಲ್ಲಿ ಮಣ್ಣಾದರೂ ಪ್ರಾಣ ಉತ್ತರದ ಅರಮನೆಯನ್ನೇ ನೋಡುತ್ತಿರುತ್ತದೆ ಎನ್ನುತ್ತಾನೆ. ಅಶಿಕಾಗಾಗಳು ಆ ಪ್ರೇತದ ಶಾಂತಿಗಾಗಿ ತೆನ್‌ರ್ಯೂಜಿ ಮಠ ಕಟ್ಟಿಸಿದರು, ಖರ್ಚಿಗೆ ಚೀನಾಕ್ಕೆ ವ್ಯಾಪಾರದ ಹಡಗು ಕಳಿಸಿದರು. ಕಥೆಯಲ್ಲಿ ಮಾತ್ರ ಪ್ರೇತಗಳು ಶಾಂತವಾಗುವುದಿಲ್ಲ. ಮಸಾಶಿಗೆಯ ಪ್ರೇತ ಖಡ್ಗ ಕೇಳಿಕೊಂಡು ಬರುತ್ತದೆ. ತೆಂಗು ಎಂಬ ಬೆಟ್ಟದ ಭೂತಗಳ ರೂಪದಲ್ಲಿ ಸತ್ತವರು ಸಭೆ ಸೇರಿ ದೇಶ ಕೆಡಿಸುವ ಹಂಚಿಕೆ ಹಾಕುತ್ತಾರೆ.

ಮನೆತನಕ್ಕೆ ಒಪ್ಪುವ ಗ್ರಂಥ ಇರಲಿಲ್ಲವೇ? ಇತ್ತು. 1349ರ ಸುಮಾರಿಗೆ ಬರೆದ ‘ಬೈಶೋರೊನ್’ ತಕಾಉಜಿಯನ್ನು ಮನಸಾರೆ ಹೊಗಳುತ್ತದೆ. ಸಾವಿಗೆ ಅಂಜದವನು, ಶತ್ರುವನ್ನು ದ್ವೇಷಿಸದವನು, ಕೊಡುಗೈ ಎಂದು ಜೆನ್ ಗುರು ಮುಸೋ ಸೊಸೆಕಿ ಅವನ ಮೂರು ಗುಣ ಹೇಳುವುದು ಅಲ್ಲೇ. ಘಟನೆಗಳ ವಿವರಕ್ಕೆ ಇತಿಹಾಸಕಾರರು ಹಲವೆಡೆ ಅದನ್ನೇ ಹೆಚ್ಚು ನಂಬುತ್ತಾರೆ. ಆದರೂ ಅದು ತೈಹೇಕಿಯಷ್ಟು ಜನರ ಬಾಯಿಗೆ ಹತ್ತಲಿಲ್ಲ. ಸೋತವರಿಗೆ ಕಣ್ಣೀರು ಸುರಿಸುವ ಅವಕಾಶ ತೈಹೇಕಿಯಲ್ಲಿತ್ತು. ಹಾಗೆ ಎರಡೂ ಕಡೆ ನಿಂತು ಮಾತಾಡುವುದರಿಂದಲೇ ಅದು ಗೆದ್ದವರ ಬಗ್ಗೆ ಹೇಳಿದ ಒಳ್ಳೆಯ ಮಾತಿಗೆ ಬೆಲೆ ಬಂತು. ತದಾಯೋಶಿ ಬಯಸಿದಂತೆ ಪೂರ್ತಿ ತಿದ್ದಿದ್ದರೆ ಅದು ಇನ್ನೊಂದು ಬೈಶೋರೊನ್ ಆಗುತ್ತಿತ್ತು.

ಹೇಕೆ ಕಥೆಯ ಮಟ್ಟಿಗೆ ಹಿಡಿತ ಸುಲಭವಾಯಿತು, ಏಕೆಂದರೆ ಹಾಡುವವರದೇ ಸಂಘವಿತ್ತು. 1371ರಲ್ಲಿ ಕಾಕುಇಚಿ ಎಂಬ ಅಂಧ ಗುರು ಸಾಯುವ ಮುಂಚೆ ಇಡೀ ಪಾಠವನ್ನು ಶಿಷ್ಯನಿಗೆ ಹೇಳಿ ಬರೆಸಿದ; ಮುಂದೆ ಜಗಳವಾದರೆ ಇದೇ ಪ್ರಮಾಣ, ಹೊರಗಿನವರಿಗೆ ತೋರಿಸಬೇಡಿ ಎಂದ. ತೈಹೇಕಿಗೆ ಅಂಥ ಒಬ್ಬ ಗುರು, ಒಂದು ಪಾಠ ಇರಲಿಲ್ಲ. 1374ರಲ್ಲಿ ಆಸ್ಥಾನಿಕ ತೋಇನ್ ಕಿನ್ಸದಾ ತನ್ನ ದಿನಚರಿಯಲ್ಲಿ, ಈಚೆಗೆ ಎಲ್ಲೆಡೆ ಹೆಸರಾದ ತೈಹೇಕಿಯ ಕರ್ತೃ ಕೊಜಿಮಾ ಹೋಶಿ ಸತ್ತನಂತೆ, ಕೀಳು ಸ್ಥಿತಿಯವನಾದರೂ ಕುಶಲಿ ಎಂಬ ಖ್ಯಾತಿಯಿತ್ತು ಎಂದು ಬರೆದ. ಆ ಹೊತ್ತಿಗೆ ಗ್ರಂಥ ಕೈಮೀರಿ ಹೋಗಿತ್ತು.

ಬಾಗಿಲು ಬೇರೆಯವರಿಗೆ ತೆರೆಯಿತು

ನಿತ್ತಾ ಯೋಶಿಸದಾ 1333ರಲ್ಲಿ ಕಾಮಾಕುರಾವನ್ನು ಕೆಡವಿದವನು, ನಂತರ ಗೊ-ದೈಗೊ ಪರವಾಗಿ ತಕಾಉಜಿಯ ವಿರುದ್ಧ ನಿಂತವನು. ನಿತ್ತಾಗಳೂ ಯೋಶಿಕುನಿಯ ಸಂತತಿಯೇ. ಆದರೆ ಕಾಮಾಕುರಾ ಕಾಲದಲ್ಲಿ ಬಡವಾದ, ಪದವಿಯಿಲ್ಲದ ಮನೆ. ಅಶಿಕಾಗಾ ಗುಂಪಿನ ಒಂದು ಸದಸ್ಯ ಮನೆಯಾಗಿಯೇ ಅವರನ್ನು ನೋಡುತ್ತಿದ್ದರೆಂದು ವಾದಿಸುವ ಸಂಶೋಧಕರಿದ್ದಾರೆ. ತೈಹೇಕಿ ಈ ಇಬ್ಬರನ್ನೂ ಮಿನಮೊತೊ ಕುಲದ ಸಮಬಲದ ಎದುರಾಳಿಗಳನ್ನಾಗಿ ಮಾಡಿತು. 14ನೇ ಸುರುಳಿಯಲ್ಲಿ ಇಬ್ಬರೂ ಚಕ್ರವರ್ತಿಗೆ ಪರಸ್ಪರ ದೂರು ಬರೆಯುತ್ತಾರೆ. ಕಥೆಗೆ ಜೋಡಿ ಬೇಕಿತ್ತು. ಅಶಿಕಾಗಾಗಳ ಪಾಲಿಗೆ ಇದು ಶರಣಾಗತಿಯ ಪದಕ್ಕಿಂತ ದುಬಾರಿಯಾಯಿತು, ಅದನ್ನು ಯಾರೂ ಕತ್ತರಿಸಲಿಲ್ಲ.

ಎರಡೂವರೆ ಶತಮಾನದ ಮೇಲೆ ಮಿಕಾವಾದ ತೊಕುಗಾವಾ ಈಎಯಾಸುಗೆ ಅದೇ ಇಕ್ಕಟ್ಟು: ಬಲವಿದೆ, ವಂಶ ಬೇಕು. ಅವನ ಮನೆ ಹಿಡಿದ ದಾರಿ ನಿತ್ತಾ ಕೊಂಬೆಯದು. 1603ರಲ್ಲಿ ಮಿನಮೊತೊ ಎಂದೇ ಅವನು ಶೋಗನ್ ಆದ. ತೈಹೇಕಿ ಓದಿದ್ದವರಿಗೆ ನಿತ್ತಾ ಎಂದರೆ ಯಾರು, ಅಶಿಕಾಗಾಗಳಷ್ಟೇ ಹಕ್ಕಿದ್ದವನು ಏಕೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ತೊಕುಗಾವಾ ಕವಲಿನ ಮಿತೊ ಮನೆಯ ಮಿತ್ಸುಕುನಿ ದಕ್ಷಿಣದ ಆಸ್ಥಾನವೇ ನ್ಯಾಯವಾದದ್ದು ಎಂಬ ನಿಲುವಿನಲ್ಲಿ ಇತಿಹಾಸ ಬರೆಸಿದ, 1692ರಲ್ಲಿ ಮಿನಾತೊಗಾವಾದಲ್ಲಿ ಮಸಾಶಿಗೆಗೆ ಸ್ಮಾರಕ ಕಲ್ಲು ನಿಲ್ಲಿಸಿದ. ಮಸಾಶಿಗೆ ಅಣ್ಣತಮ್ಮಂದಿರು ಸಾಯುವಾಗ ಏಳು ಜನ್ಮ ಹುಟ್ಟಿ ಶತ್ರುವನ್ನು ನಾಶ ಮಾಡುವ ಆಸೆ ಹೇಳಿಕೊಳ್ಳುವುದನ್ನು ತೈಹೇಕಿ ಪಾಪದ ಯೋಚನೆ ಎಂದೇ ಬರೆದಿದೆ. ನಂತರದವರು ಪಾಪವನ್ನು ಬಿಟ್ಟು ಏಳು ಜನ್ಮವನ್ನು ಇಟ್ಟುಕೊಂಡರು.

ತೋಜಿಜಿ ಮಠ ಹದಿನೈದನೇ ಶತಮಾನದ ಓನಿನ್ ಯುದ್ಧದ ನಂತರ ಉಳಿಯಲಿಲ್ಲ. ಅದು ನಗರದ ಉತ್ತರಕ್ಕಿದ್ದ ತನ್ನದೇ ಶಾಖೆ ತೋಜಿ-ಇನ್‌ನಲ್ಲಿ ಲೀನವಾಯಿತು. ಅಲ್ಲಿ ಅಶಿಕಾಗಾ ಶೋಗನ್ನರ ಮರದ ಪ್ರತಿಮೆಗಳ ಸಾಲಿದೆ. 1863ರಲ್ಲಿ ಚಕ್ರವರ್ತಿ ಪಕ್ಷದ ಕೆಲವರು ಒಳನುಗ್ಗಿ ಮೊದಲ ಮೂವರು ಶೋಗನ್ನರಾದ ತಕಾಉಜಿ, ಯೋಶಿಆಕಿರಾ, ಯೋಶಿಮಿತ್ಸು ಪ್ರತಿಮೆಗಳ ತಲೆ ಕಿತ್ತು, ಕಾಮೊ ನದಿಯ ದಂಡೆಯಲ್ಲಿ ಅಪರಾಧಿಗಳ ತಲೆಗಳನ್ನು ಇಡುವಂತೆ ಸಾಲಾಗಿಟ್ಟು, ಪಕ್ಕದಲ್ಲಿ ಅವರ ಅಪರಾಧಗಳನ್ನು ಬರೆದ ಫಲಕ ನೆಟ್ಟರು.